ಕಿವಿಯಲ್ಲಿ ಆರಿಸಿದ ಜಲ್ಲಿ

ಬೀದಿಯವರೆಲ್ಲ ಆಕೆಯನ್ನು ಟೈಲರಕ್ಕ ಎಂದೇ ಕರೆಯುವುದು. ಅಪ್ಪ ತೀರಿಕೊಂಡ ಮೇಲೆ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ತಂಗಿಯನ್ನು ಓದಿಸಿದರು, ಮದುವೆ ಮಾಡಿ ಕಳಿಸಿದರು. ತಾವು ಮದುವೆಯಾಗಲಿಲ್ಲ. ಬಟ್ಟೆ ಕೊಡಲು ಬರುವವರು ಗೇಟಿನಿಂದಲೇ ಕೂಗಿ, ಅಳತೆ ಕೊಟ್ಟು ಹೋಗುತ್ತಾರೆ. ಊಟಕ್ಕೆ ಕೂತಾಗ ಅಕ್ಕ ರೇಡಿಯೊ ಹಾಕಿಕೊಳ್ಳುತ್ತಾರೆ. ತರಕಾರಿ ಧಾರಣೆ ಓದುತ್ತಿದ್ದರೂ ಸರಿ, ಒಂದು ದನಿ ಇರಬೇಕು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಮನೆಯವರು ಬಾಗಿಲು ತಟ್ಟಬಾರದು, ಹೊರಗೆ ನಿಂತು ಕೂಗಬಾರದು. "ನಮ್ಮ ಮನೆಗೆ ನಾವೇ ನೆಂಟರಾ?" ಎನ್ನುತ್ತಿದ್ದರು ಅಪ್ಪ. ಒಳಗಿದ್ದವರೇ ಹೆಜ್ಜೆಯ ಗುರುತು ಹಿಡಿದು ಎದ್ದು ಬರಬೇಕು. ಹೋದ ವರ್ಷ ತಂಗಿ ಬಂದು ಬಾಗಿಲಲ್ಲಿ ನಿಂತಿದ್ದಳು. ಒಬ್ಬಂಟಿ ಹೆಂಗಸಾದ್ದರಿಂದ ಅಕ್ಕ ಚಿಲಕ ಹಾಕಿಕೊಂಡು ಹಿಂದಿನ ಕೋಣೆಯಲ್ಲಿ ಪರದೆ ಹೊಲಿಯುತ್ತಿದ್ದರು. ಮಣ್ಣಿನ ಅಂಗಳ, ಹೆಜ್ಜೆ ಕೇಳಿಸಲಿಲ್ಲ. ಯಂತ್ರದ ಸದ್ದು ಕೇಳುತ್ತ ತುಂಬ ಹೊತ್ತು ನಿಂತ ತಂಗಿ, ಅಕ್ಕ ಬೇಕೆಂದೇ ಏಳಲಿಲ್ಲ ಎಂದುಕೊಂಡು ಹಿಂದಿರುಗಿದಳು. ಆಮೇಲೆ ಫೋನೂ ಎತ್ತಲಿಲ್ಲ. ಅವಳಿರುವುದು ಮಗಳ ಅತ್ತೆಮನೆಯಲ್ಲಿ. ಬೀಗರೆದುರು ಅಕ್ಕತಂಗಿಯರ ಮುನಿಸು ಬಿಡಿಸಿಕೊಳ್ಳಲು ಹೋಗುವುದಾದರೂ ಹೇಗೆ? ಹೆಜ್ಜೆ ಕೇಳಿಸಲಿಲ್ಲವೆಂದು ಸೋದರಮಾವನ ಮಗನ ಮೂಲಕ ಹೇಳಿ ಕಳಿಸಿದ್ದಕ್ಕೆ ಬಂದ ಉತ್ತರ ಇಷ್ಟು: "ಒಂದಿನ ಬರ್ತೀನಿ. ಆಗಲೂ ಅವಳು ಏಳದಿದ್ರೆ ಮುಗೀತು."

ಅಂದಿನಿಂದ ಅಕ್ಕನಿಗೆ ಅದೊಂದೇ ಭಯ. ಮತ್ತೆ ಕೇಳಿಸದೆ ಹೋದರೆ?

ಮನೆಯಂಗಳಗಳಿಗೆ ಕಲ್ಲು ಹಾಸುವ ಜಲ್ಲಿಯವನನ್ನು ಕರೆಸಿದರು. ಅವನು ಮಾದರಿಯ ಚೀಲಗಳನ್ನು ಇಳಿಸಿದ.

"ಬಿಳಿ ದುಂಡುಗಲ್ಲು ಹಾಕಿಸ್ಕೊಳ್ಳಿ ಅಕ್ಕಾ, ನೋಡೋಕೆ ಲಕ್ಷಣವಾಗಿರುತ್ತೆ."

"ನೋಡೋಕೆ ಯಾರಿದ್ದಾರೋ ಇಲ್ಲಿ? ಸುರಿದು ಅದರ ಮೇಲೆ ನಡಿ. ನಾನು ಒಳಗೆ ಮೆಷಿನ್ ತುಳೀತಿರ್ತೀನಿ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗು ಬಂತು: "ನಡೆದ್ಯೇನೋ?"

"ಆಗಲೇ ಹೋಗಿ ಬಂದೆ ಅಕ್ಕಾ!"

"ಹಾಗಾದ್ರೆ ಅದು ಬೇಡ."

ದುಂಡುಗಲ್ಲು ಪಾದದಡಿ ಜಾರಿ ಸರಿದುಬಿಡುತ್ತದೆ. ಒಡೆದ ಜಲ್ಲಿಯಾದರೆ ಮೂಲೆಗೆ ಮೂಲೆ ಕಚ್ಚಿಕೊಂಡು ಕರಕರ ಎನ್ನುತ್ತದೆ. ಅದು ಯಂತ್ರದ ಸದ್ದನ್ನೂ ಮೀರಿ ಕೇಳಿಸಿತು. ಅಕ್ಕನಿಗೆ ಅಷ್ಟು ಸಾಲಲಿಲ್ಲ.

"ಈಗ ಎಡಗಾಲು ಎಳ್ಕೊಂಡು ನಡಿ."

"ನನ್ನ ಕಾಲು ನೆಟ್ಟಗಿರೋದು ನಿಮಗೆ ಕಣ್ಣುಕಿಚ್ಚಾ ಅಕ್ಕಾ?"

"ನನ್ನ ತಂಗಿ ಹಾಗೆ ನಡೀತಾಳೆ."

ಅವನು ನಗು ನುಂಗಿಕೊಂಡು ಕಾಲೆಳೆಯುತ್ತ ನಡೆದ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಅಯ್ಯೋ, ಕಾಲಿಗೇನಾಯ್ತಪ್ಪಾ?" ಎಂದಳು.

"ಏನಿಲ್ಲಮ್ಮಾ, ಜಲ್ಲಿ ಆರಿಸ್ತಿದ್ದೀವಿ. ಊರೋರೆಲ್ಲ ಕಣ್ಣಲ್ಲಿ ಆರಿಸ್ತಾರೆ, ಇವರು ಕಿವಿಯಲ್ಲಿ."

ಮಣ್ಣು ಮಟ್ಟ ಮಾಡಿ, ಕಳೆ ಏಳದಂತೆ ಬಟ್ಟೆ ಹಾಸಿದ. ಅಕ್ಕ ಅದರ ಅಂಚು ಹಿಡಿದು ನೋಡಿ, "ಇದನ್ನ ನೇಯ್ದೋನಿಗೆ ನಿದ್ದೆ ಬಂದಿತ್ತಾ?" ಎಂದರು. ಗೇಟಿನಿಂದ ಬಾಗಿಲವರೆಗೆ ಎಲ್ಲೆಲ್ಲೂ ಜಲ್ಲಿಯೇ ಬೇಕೆಂದು ಅವರ ಹಟ. ಗೋಡೆಯ ಪಕ್ಕದ ಹೂಗಿಡಗಳ ಹತ್ತಿರ ಮಾತ್ರ ಅವನು ಒಪ್ಪಲಿಲ್ಲ.

"ಬಿಸಿಲಿಗೆ ಕಲ್ಲು ಕಾದು ಬೇರು ಬೆಂದುಹೋಗುತ್ತೆ. ಅಲ್ಲಿ ಮರದ ತೊಗಟೆ ಚೂರು ಹಾಕೋಣ, ತೇವ ನಿಲ್ಲುತ್ತೆ." ಗಿಡದ ಬುಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಟ್ಟು, ದಾರಿಯುದ್ದಕ್ಕೂ ಒಂದು ಪಟ್ಟಿಯಂತೆ ಹರಡಿದ.

ಆಮೇಲಿನ ದಿನಗಳಲ್ಲಿ ಅಕ್ಕನಿಗೆ ಬೀದಿಯ ಕಾಲುಗಳೆಲ್ಲ ಪರಿಚಯವಾದವು. ಪೇಪರಿನವನದು ಅವಸರದ ಕರಕರ, ಮೀಟರ್ ಓದುವವನದು ಸೋಮಾರಿ ಕರಕರ. ಬೆಕ್ಕು ದಾಟಿದರೂ ತಲೆಗೂದಲು ಸವರಿಕೊಂಡು ಏಳುತ್ತಿದ್ದರು. ಸದ್ದಿಲ್ಲದ ದಿನಗಳೇ ಹೆಚ್ಚು. ಮೊದಲಾದರೆ, ಯಾರೋ ಬಂದಿದ್ದರೇನೋ, ಕೇಳಿಸಿರಲಿಕ್ಕಿಲ್ಲ ಎಂದುಕೊಳ್ಳಬಹುದಿತ್ತು. ಈಗ ಯಾರೂ ಬರಲಿಲ್ಲವೆಂದು ಜಲ್ಲಿಯೇ ಸಾಕ್ಷಿ ಹೇಳುತ್ತಿತ್ತು.

ಒಂದು ಸಂಜೆ ಗಿಡಗಳಿಗೆ ನೀರು ಹಾಕಲು ಹೊರಬಂದವರು ಚೊಂಬು ಹಿಡಿದು ಹಾಗೇ ನಿಂತುಬಿಟ್ಟರು. ತೊಗಟೆಯ ಪಟ್ಟಿಯ ಮೇಲೆ ಒಂದು ಹೆಜ್ಜೆ ಅಚ್ಚೊತ್ತಿತ್ತು. ಅದರ ಪಕ್ಕದಲ್ಲಿ ಎಳೆದ ಗೀರು. ಮತ್ತೆ ಹೆಜ್ಜೆ, ಮತ್ತೆ ಗೀರು. ಬಾಗಿಲ ಮೆಟ್ಟಿಲ ಬಳಿ ಯಾರೋ ತುಂಬ ಹೊತ್ತು ನಿಂತಂತೆ ಚೂರುಗಳು ತುಳಿತಕ್ಕೆ ಸಿಕ್ಕಿ ತಗ್ಗಾಗಿದ್ದವು. ಅಲ್ಲಿಂದ ಗುರುತುಗಳು ಗೇಟಿನ ಕಡೆ ತಿರುಗಿದ್ದವು.

ಮರುದಿನ ಅಕ್ಕ ಹೇಳಿ ಕಳಿಸಿದ್ದಕ್ಕೆ ಜಲ್ಲಿಯವನು ಬಂದು ಕುಕ್ಕರುಗಾಲಲ್ಲಿ ಕೂತು ನೋಡಿದ.

"ಕಾಲು ನೋವಿರೋರು ಮೆತ್ತಗಿರೋ ಕಡೆಗೇ ಹೋಗ್ತಾರೆ ಅಕ್ಕಾ. ಜಲ್ಲಿ ಚುಚ್ಚಿರಬೇಕು." ಅವನ ಮುಖ ಸಣ್ಣಗಾಯಿತು. "ತೊಗಟೆ ಹಾಕಿ ಅಂದೋನು ನಾನೇ. ಎಲ್ಲ ಬಾಚಿ ತೆಗೆದು ಅಲ್ಲೂ ಜಲ್ಲಿ ತುಂಬ್ತೀನಿ."

ಅಕ್ಕ ಬಗ್ಗಿ ಒಂದು ಗೀರಿನ ಮೇಲೆ ಬೆರಳಾಡಿಸಿದರು.

"ಇಷ್ಟು ದಿನ ಅವಳ ಕಾಲಿನ ಸದ್ದೇ ತಲೇಲಿತ್ತು ಕಣೋ. ಕಾಲಿನ ಬಗ್ಗೆ ಯೋಚಿಸಲೇ ಇಲ್ಲ," ಎಂದರು. "ಜಲ್ಲಿ ತೆಗಿ. ದಾರಿಗೂ ತೊಗಟೆ ಹಾಕು."

"ಆಮೇಲೆ ಅವರು ಬಂದದ್ದು ಗೊತ್ತಾಗೋದು ಹೇಗೆ?"

"ಹೊರಗೆ ಕೂತ್ಕೋತೀನಿ."

ತಂಗಿ ಇನ್ನೊಮ್ಮೆ ಬರುತ್ತಾಳೆಯೇ ಎಂದು ಅವನು ಕೇಳಲಿಲ್ಲ. ಸಲಿಕೆ ಎತ್ತಿಕೊಂಡ. ಒಂದಿಷ್ಟು ಜಲ್ಲಿ ಬುಟ್ಟಿಗೆ ತುಂಬಿದ ಮೇಲೆ, ಹೇಳದಿದ್ದರೆ ತಪ್ಪಾದೀತು ಎಂಬಂತೆ ತಲೆಯೆತ್ತಿದ.

"ತೊಗಟೆ ಕಲ್ಲಿನ ಹಾಗಲ್ಲ ಅಕ್ಕಾ. ಕೊಳೀತಾ ಮಣ್ಣಾಗಿಬಿಡುತ್ತೆ. ವರ್ಷ ವರ್ಷ ಮತ್ತೆ ಹಾಕ್ತಾ ಇರಬೇಕು."

"ಹಾಕ್ತಾ ಇರು," ಎಂದರು ಅಕ್ಕ.