ಸಿ.ಟಿ.ಯಲ್ಲಿ ಕಂಡ ಕರಡಿಗೆ

...ಅಥವಾ ಸ್ಕ್ಯಾನಿನ ಪರದೆಯಲ್ಲಿ ಕಂಡ ಆ ಬಿಳಿ ಗುಂಡು ಎದೆಯ ನಟ್ಟನಡುವೆ ಇರಲಿಲ್ಲವೇನೋ, ಸ್ವಲ್ಪ ಎಡಕ್ಕೆ ಇತ್ತೇನೋ. ಎಡಕ್ಕೇ ಇತ್ತು ಎನ್ನುತ್ತಾಳೆ ಹೆಂಡತಿ ಮಹಾನಂದಾ. ಅವಳು ಅದನ್ನು ನೋಡಿಯೇ ಇಲ್ಲ. ನಾನು ನೋಡಿದ್ದೇನೆ, ಆದರೆ ಹೆದರಿದ್ದವನ ನೋಟವನ್ನು ಎಷ್ಟು ನಂಬಬಹುದು? ಇಂಥ ಸಂಗತಿ ಹೇಳುವವರನ್ನು ಕಂಡು ನಗುತ್ತಿದ್ದವನು ನಾನು. ನೀವೂ ನಗಿರಿ, ಅಡ್ಡಿಯಿಲ್ಲ.

ನಮ್ಮದು ಗುಂಜೋಟಿಯ ಜಂಗಮ ಸ್ವಾಮಿಗಳ ಮನೆತನ. ಆದರೂ ನನ್ನ ಇಷ್ಟಲಿಂಗ, ಅದನ್ನಿಡುವ ಬೆಳ್ಳಿ ಕರಡಿಗೆಯ ಸಮೇತ, ಕೊರಳು ಬಿಟ್ಟು ಬಹಳ ವರ್ಷಗಳಿಂದ ದೇವರ ಜಗಲಿಯ ಮೇಲಿತ್ತು. ಅದು ಅಲ್ಲಿ, ನಾನು ಇಲ್ಲಿ. ಇಬ್ಬರಿಗೂ ತಕರಾರಿರಲಿಲ್ಲ, ಅವ್ವನಿಗೆ ಮಾತ್ರ ಇತ್ತು. ಹೀಗಿರುವಾಗ ಎದೆ ಹಿಡಿದಂತಾಗತೊಡಗಿತು. ಅಪ್ಪನಿಗೂ ಹಾಗೆಯೇ ಆಗಿತ್ತು. ಇಸಿಜಿ ಚೆನ್ನಾಗಿದೆ ಎಂದು ಮನೆಗೆ ಕಳಿಸಿದ ವಾರದಲ್ಲೇ ಅವರು ಎಲೆಗೆ ಸುಣ್ಣ ಸವರುತ್ತ ಕೂತಲ್ಲೇ ಹೋದರು. ಅದಕ್ಕೇ ನನ್ನ ಇಸಿಜಿ ಸರಿ ಬಂದರೂ ನಾನು ಸಮಾಧಾನಪಡಲಿಲ್ಲ.

ಉದಗೀರದ ಡಾಕ್ಟರು ಹೇಳಿದರು: "ಹೃದಯದ ರಕ್ತದ ನಳಿ ಎಷ್ಟು ಸಣ್ಣ ಆಗ್ಯಾದ ಅನ್ನೋದಷ್ಟೇ ಅಲ್ಲ. ಒಳಗ ಕುಂತ ಕೊಬ್ಬು ಗಟ್ಟಿ ಅದನೋ, ಮೆತ್ತಗ ಅದನೋ ನೋಡಬೇಕು. ಮೆತ್ತಗಿದ್ದದ್ದು ಒಮ್ಮೆಲೇ ಒಡೀತದ. ಸಿ.ಟಿ. ಮಾಡಸ್ರಿ."

ಮಧ್ಯಾಹ್ನ ಸ್ಕ್ಯಾನ್ ಕೋಣೆಯಲ್ಲಿ ಮಲಗಿಸಿದರು. ನಾಡಿ ಇಳಿಯಲೆಂದು ಗುಳಿಗೆ ಕೊಟ್ಟಿದ್ದರು. ಮಷೀನು ಮೊದಲ ಚಿತ್ರ ತೆಗೆದದ್ದೇ, ಆಪರೇಟರ್ ಬಾಗಿಲು ತಳ್ಳಿಕೊಂಡು ಬಂದ.

"ಅಹೋ ಸ್ವಾಮೇರ, ಕೊರಳಾಗಿಂದು ತೆಗೀರಿ ಅಂತ ಹೇಳಿದ್ದೆನಲ್ರೀ!"

"ಕೊರಳಾಗ ಏನೂ ಇಲ್ಲಪಾ."

ಅವನು ನಂಬಲಿಲ್ಲ. ಲಿಂಗ ತೆಗೆಯಲು ಒಪ್ಪದ ನಮ್ಮ ಹಿರಿಯರನ್ನು ದಿನಾ ನೋಡಿದವನು. "ಅಂಗೈಯಾಗ ಹಿಡಕೊಂಡು ತಲಿ ಮ್ಯಾಲ ಕೈ ಎತ್ತಿ ಮಲಗ್ರಿ, ನಡೀತದ. ಆದರ ಸುಳ್ಳು ಹೇಳಬ್ಯಾಡ್ರಿ," ಎಂದು ಗೌನಿನೊಳಗೆ ಕೈ ಹಾಕಿ ತಡಕಿದ. ಎದೆಗೂದಲು ಸಿಕ್ಕಿತು. ಮತ್ತೆ ಚಿತ್ರ ತೆಗೆದ, ಮತ್ತೆ ಅದೇ ಬಿಳಿ ಗುಂಡು. ನನ್ನನ್ನು ಎಬ್ಬಿಸಿ ಗಾಜಿನಾಚೆಯ ಪರದೆ ತೋರಿಸಿದ. ಹೃದಯದ ಮೇಲೆ ದುಂಡಗೆ, ಬೆಳ್ಳಗೆ, ಮೇಲೊಂದು ದಾರ ಪೋಣಿಸುವ ಕಿವಿ: ಕರಡಿಗೆಯೇ.

"ಗುಂಜೋಟಿ ಸ್ವಾಮಿ ಆಗಿ ಲಿಂಗ ಇಲ್ಲ ಅಂತೀರಿ! ಮತ್ತ ನಿಮ್ದು ಎಲ್ಲದ?"

"ಮನ್ಯಾಗ, ಜಗಲಿ ಮ್ಯಾಲ."

ನಾಡಿ ಏರಿತು. ಇನ್ನೊಂದು ಗುಳಿಗೆ ನುಂಗಿಸಿದರು. ಗುಂಡು ಅಲ್ಲೇ ಇದ್ದರೆ ಅದರಡಿಯ ನಳಿ ಕಾಣುವುದಿಲ್ಲವಂತೆ. ಅಪ್ಪನ ಹಾಗೆ ಏನೂ ತಿಳಿಯದೆ ಮನೆಗೆ ಹೋಗಬೇಕಲ್ಲ ಎಂದು ನನಗೆ ಬೆವರು.

ಆಪರೇಟರ್ ಹೇಳಿದ್ದು ಕೇಳಿ ಹೊರಗೆ ಮಹಾನಂದಾ ಅವ್ವನಿಗೆ ಫೋನ್ ಹಚ್ಚಿದಳು. "ಅತ್ತೀ, ಸ್ಕ್ಯಾನಿನಾಗ ಇವರ ಎದಿ ಮ್ಯಾಲ ಲಿಂಗ ಕಾಣ್ತದಂತ. ಜಗಲಿ ಮ್ಯಾಲ ಅದ ಏನ್ರೀ, ನೋಡ್ರಿ."

ಸ್ಪೀಕರಿನಲ್ಲಿ ಅವ್ವನ ದನಿ ಇಡೀ ಸೆಂಟರಿಗೆ ಕೇಳಿತು: "ಅದ, ಇಲ್ಲೇ ಅದ. ಇಷ್ಟು ವರ್ಷ ಕಟ್ಕೋ ಕಟ್ಕೋ ಅಂದೆ, ಕಟ್ಕೊಳ್ಳಿಲ್ಲ ಅಂವಾ. ಈಗ ತಾನಾ ಹೋಗಿ ಕುಂತದ ಏನು? ತಡೀ, ನಾ ಕೈಯಾಗ ತಗೋತೀನಿ."

ಮೂರನೆಯ ಚಿತ್ರದಲ್ಲಿ ಗುಂಡು ಇರಲಿಲ್ಲ.

ಸ್ಕ್ಯಾನ್ ನಡೆಯಿತು. ಆ ಗುಂಡು ಇದ್ದ ಜಾಗದ ಕೆಳಗೇ, ಎಡ ನಳಿಯಲ್ಲಿ, ಮೆತ್ತಗಿನ ಕೊಬ್ಬು ಸಿಕ್ಕಿತು. ನಳಿ ಅಂಥ ಸಣ್ಣದಾಗಿರಲಿಲ್ಲ. "ಹೋಳಿಗಿ ಇದ್ದಂಗ," ಎಂದರು ಡಾಕ್ಟರು, "ಹೂರಣ ಭಾಳ, ಮ್ಯಾಲಿನ ಕಣಕ ತೆಳ್ಳಗ. ಹರಿಯೂದ್ರೊಳಗ ಸಿಕ್ಕೀರಿ." ಗುಳಿಗೆ ಬರೆದುಕೊಟ್ಟರು. ಅಂದಿನಿಂದ ಮಹಾನಂದಾ ಮನೆಯಲ್ಲಿ ಹೋಳಿಗೆ ಬಂದ್ ಮಾಡಿದ್ದಾಳೆ.

ಮೊದಲೆರಡು ಚಿತ್ರಗಳನ್ನು ಆಪರೇಟರ್ ಅಳಿಸಿಬಿಟ್ಟಿದ್ದ. ಮಷೀನಿನ ದೋಷ ಎನ್ನುತ್ತಾನೆ; ಬೇರೆ ಯಾರ ಎದೆಯ ಮೇಲೂ ಅದು ಬಂದಿಲ್ಲ ಎಂದೂ ಅವನೇ ಹೇಳುತ್ತಾನೆ. ಮೂರನೆಯ ಚಿತ್ರ ತೆಗೆದ ಮೇಲೆ ತಾನು ಫೋನ್ ಮಾಡಿದ್ದು ಎಂಬುದು ಈಗ ಮಹಾನಂದಾಳ ವಾದ. ಅವ್ವ ತಾನು ಲಿಂಗ ಮುಟ್ಟಲೇ ಇಲ್ಲ, ಸ್ನಾನ ಆಗಿರಲಿಲ್ಲ ಎನ್ನುತ್ತಾಳೆ. ನನ್ನ ನೆನಪಿನ ಕ್ರಮವನ್ನು ನಾನೇ ಜೋಡಿಸಿಕೊಂಡಿರಬಹುದು. ಆ ಗುಂಡು ಆ ಜಾಗವನ್ನು ಮುಚ್ಚುತ್ತಿತ್ತೋ, ತೋರಿಸುತ್ತಿತ್ತೋ?

ಗುಳಿಗೆಯಿಂದ ಕೊಬ್ಬು ಗಟ್ಟಿಯಾಯಿತೇ ನೋಡಲು ಬರುವ ವಾರ ಮತ್ತೆ ಸ್ಕ್ಯಾನ್ ಇದೆ. ನಿನ್ನೆ ಅವ್ವ ಕೇಳಿದಳು: "ಈ ಸಲ ಕಟ್ಕೊಂಡು ಹೋಗ್ತೀಯೋ, ಜಗಲಿ ಮ್ಯಾಲೇ ಬಿಟ್ಟು ಹೋಗ್ತೀಯೋ?"