ಗಂಡನ ಎದೆಯ ಕರಕರ

ಮಕ್ಕಳ ಶಾಲೆ ಮುಗಿದ ಮೇಲೆ ತಾನು ನರ್ಸಿಂಗ್ ಓದಲು ಹೊರಟವಳನ್ನು ಕಂಡು ಓಣಿಯವರೆಲ್ಲ ಮೂಗು ಮುರಿದರು. ಅವಳೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವೇ ಅವಳದಲ್ಲ. ಮನೆಯಲ್ಲಿ ಕೈಗೆ ಸಿಕ್ಕವರ ನಾಡಿಯನ್ನೆಲ್ಲ ಹಿಡಿದಳು. "ಇನ್ನೂ ಬದುಕಿದೀನೇನಮ್ಮ?" ಎಂದು ಅತ್ತೆ ಕೇಳಿದ ಮೇಲೆಯೇ ಅವರ ಮಣಿಕಟ್ಟು ಬಿಟ್ಟಿದ್ದು.

ಎದೆಯ ಸದ್ದು ಕಲಿಯಲು ಸಿಕ್ಕವನು ಗಂಡ. ಬಸ್ ಡ್ರೈವರು. ಎದೆ ತುಂಬ ಕೂದಲು, ಹಾಗಾಗಿ ಡಿಪೋದವರಿಗೆ ಅವನು ಕರಡಿ. ಮೊದಲ ದಿನವೇ ಅವನ ಉಸಿರಿನ ಜೊತೆ ಕರಕರ ಕೇಳಿಸಿ ಅವಳ ಜೀವ ಬಾಯಿಗೆ ಬಂತು. ಶ್ವಾಸಕೋಶದಲ್ಲಿ ನೀರು ತುಂಬಿದರೆ ಹೀಗೇ ಕೇಳಿಸುತ್ತದೆಂದು ಪಾಠವಾಗಿತ್ತು. ಡ್ಯೂಟಿ ಬಿಡಿಸಿ ಅವನನ್ನು ಪಾಠ ಹೇಳುವ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಳು. ಅವರು ಒದ್ದೆ ಬಟ್ಟೆಯಿಂದ ಎದೆಯ ಕೂದಲನ್ನು ಒತ್ತಿ ಒರೆಸಿ, "ಈಗ ಕೇಳು" ಎಂದರು. ಸದ್ದು ಮಾಯ.

"ಸ್ಟೆತಸ್ಕೋಪಿಗೆ ಕೂದಲು ಉಜ್ಜಿದ ಸದ್ದಮ್ಮ ಅದು" ಎಂದು ಡಾಕ್ಟರಮ್ಮ ನಕ್ಕರು. ವಿಷಯ ಡಿಪೋ ಮುಟ್ಟಿತು. "ಏನ್ ಕರಡಿ, ಕ್ಷೌರ ಮಾಡಿಸಿದ್ರೆ ಕಾಯಿಲೆ ವಾಸಿಯಂತೆ?" ಎಂದು ಕಂಡಕ್ಟರುಗಳು ಅವನನ್ನು ಗೋಳು ಹೊಯ್ದುಕೊಂಡರು.

ಹಾಗಾಗಿ ಎರಡನೇ ಸಲ ಅವನು ಕಿವಿಗೊಡಲಿಲ್ಲ.

ಈಚೆಗೆ ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಮಲಗಲು ಇನ್ನೊಂದು ದಿಂಬು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವನನ್ನು ಅವಳು ಕೂರಿಸಿದಳು. ಎದೆ ಒರೆಸಿ ಕೇಳಿದಳು, ಏನಿಲ್ಲ. ಬೆನ್ನನ್ನೂ ಒರೆಸಿ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟಳು. ಎರಡೂ ಕಡೆ ಕರಕರ. ಕೆಮ್ಮಿಸಿ ಮತ್ತೆ ಕೇಳಿದಳು, ಹೋಗಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು. ಕಾಲಿನ ಗಿಣ್ಣಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯಿತು.

"ಆಸ್ಪತ್ರೆಗೆ ನಡೀರಿ."

"ಮತ್ತೆ ಶುರು ಮಾಡ್ಬೇಡ. ಇನ್ನೊಂದ್ಸಲ ಡಿಪೋದವರ ಬಾಯಿಗೆ ಬೀಳೋಕೆ ನನ್ನ ಕೈಲಾಗಲ್ಲ."

"ನಗಲಿ ಬಿಡ್ರಿ. ನೀವಿದ್ರೆ ತಾನೇ ನಿಮ್ಮನ್ನ ನೋಡಿ ನಗೋದು?"

ಅವನು ಬೂಟಿಗೆ ಕಾಲು ತುರುಕಿದ. ಊದಿದ ಕಾಲು ಒಳಗೆ ಹೋಗಲಿಲ್ಲ. ಅವಳು ಚಪ್ಪಲಿ ತಂದು ಮುಂದಿಟ್ಟಳು.

"ಬರಲ್ಲ ಅಂದ್ರೆ?"

"ನಿಮ್ಮ ಬಸ್ಸಲ್ಲೇ ನಿಮ್ಮ ಹಿಂದೆ ಕೂತ್ಕೋತೀನಿ. ಸ್ಟಾಪ್ ಬಂದಾಗೆಲ್ಲ ಅಂಗಿ ಎತ್ತಿ ಬೆನ್ನು ಕೇಳ್ತೀನಿ."

ಇವಳು ಹೇಳಿದ್ದನ್ನು ಮಾಡುವವಳೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊಣಗುತ್ತ ಚಪ್ಪಲಿ ಮೆಟ್ಟಿದ. ದಾರಿಯುದ್ದಕ್ಕೂ ಅವಳಿಗೆ ಒಂದೇ ದಿಗಿಲು. ಈ ಸಲವೂ ತಪ್ಪಾಗಿದ್ದರೆ ಇವನು ಇನ್ನು ಯಾವತ್ತೂ ತನ್ನ ಮಾತು ನಂಬುವುದಿಲ್ಲ. ತಪ್ಪಾಗಿರಲಿ ದೇವರೇ ಎಂದೂ ಬೇಡಿಕೊಂಡಳು.

ಡಾಕ್ಟರಮ್ಮ ಬಹಳ ಹೊತ್ತು ಕೇಳಿದರು. ನಗಲಿಲ್ಲ.

"ಹೃದಯ ಸೋತಿದೆ, ಅದಕ್ಕೇ ನೀರು ನಿಂತಿದೆ. ಇವತ್ತು ಸ್ಟಿಯರಿಂಗ್ ಹಿಡಿಯದೆ ಇಲ್ಲಿಗೆ ಬಂದಿದ್ದು ಒಳ್ಳೇದಾಯ್ತು" ಎಂದು ಅಲ್ಲೇ ಮಲಗಿಸಿಕೊಂಡರು.

ಔಷಧಿ ಹಿಡಿಯಿತು, ಊತ ಇಳಿಯಿತು. ನೋಡಲು ಬಂದ ಕಂಡಕ್ಟರುಗಳು ಮಂಚದ ಸುತ್ತ ನಿಂತಿದ್ದಾಗಲೇ ಅವಳು ತರಗತಿ ಮುಗಿಸಿ ವಾರ್ಡಿಗೆ ಬಂದಳು. ಅವನು ಲೋಟದ ನೀರಿಗೆ ಟವೆಲಿನ ತುದಿ ಅದ್ದಿ, ಎಲ್ಲರ ಮುಂದೆಯೇ ಅಂಗಿ ಬಿಚ್ಚಿ ಎದೆ ಒರೆಸಿಕೊಂಡ.

"ಬಾ, ಕೇಳು" ಎಂದ.