ಅತ್ತೆ ಹೇಳಿದ ಭವಿಷ್ಯದ ಕೊನೆ

ಉಕ್ಕಿದ ಹಾಲಿನ ಪಾತ್ರೆ ಇಳಿಸಲು ಕೈಗೆ ಸಿಕ್ಕಿದ ಪುಸ್ತಕವನ್ನೇ ಅಡಿಗಿಟ್ಟದ್ದು ಅತ್ತೆಯ ತಪ್ಪು. ಬೋರಲಾಗಿ ಬಿದ್ದಿದ್ದು ಪುಸ್ತಕದ ತಪ್ಪು. ಹಿಂದಿನ ರಟ್ಟು ಎಂದೋ ಕಿತ್ತುಹೋಗಿತ್ತು. ಪಾತ್ರೆ ಎತ್ತಿದರೆ ಕೊನೆಯ ಹಾಳೆಗಳು ಅದರ ತಳಕ್ಕಂಟಿಕೊಂಡೇ ಬಂದವು. ಉಜ್ಜಿ ತೊಳೆಯುವಷ್ಟರಲ್ಲಿ ಮನುಕುಲದ ಭವಿಷ್ಯ ಹರಿದು ಬಚ್ಚಲು ಸೇರಿತು.

ಬೀದಿಗೆಲ್ಲ ಅತ್ತೆಯಾದ ಆಕೆಯದು ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ. ಅದರ ಜೀವಾಳ ಒಂದು ಹಳೆಯ ವೈಜ್ಞಾನಿಕ ಕಾದಂಬರಿ ಮಾಲೆ. ಕಥೆಗಳು ಬಿಡಿಬಿಡಿ, ಭವಿಷ್ಯ ಮಾತ್ರ ಕೂಡುಕುಟುಂಬ. ಒಂದು ಸಂಪುಟದಲ್ಲಿ ಅಂಬೆಗಾಲಿಟ್ಟ ಕೂಸು ಇನ್ನೊಂದರಲ್ಲಿ ಯಾರದೋ ಮುತ್ತಜ್ಜಿ. ಒಂದರಲ್ಲಿ ಬುನಾದಿ ಹಾಕಿದ ಊರು ಮತ್ತೊಂದರಲ್ಲಿ ಹಾಳುದಿಬ್ಬ. ಕೊನೆಯ ಸಂಪುಟದಲ್ಲಿ ದಾರಿ ತಪ್ಪಿದ ಆಕಾಶಹಡಗು ಏನಾಯಿತೆಂದು ತಿಳಿಯಲು ಓದುಗರೆಲ್ಲ ತುದಿಗಾಲಲ್ಲಿ ನಿಂತಿದ್ದರು. ಹಾಲಿಗೆ ಬಲಿಯಾದದ್ದು ಅದೇ ಸಂಪುಟ. ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಗ್ರಹಗಳನ್ನು ನಂಬಿ ಅಂಗಡಿ ಇಟ್ಟವಳಿಗೆ ಇದೆಂಥ ಗ್ರಹಚಾರ!

"ಓದ್ಕೊಂಡು ಬನ್ನಿ, ಕೊನೆ ನಾನು ಬಾಯಲ್ಲೇ ಹೇಳ್ತೀನಿ" ಎಂದಳು, ಆ ಕೊನೆಯನ್ನು ತಾನೂ ಓದಿರದ ಅತ್ತೆ. ಬಂದವರಿಗೆಲ್ಲ ಹೇಳಿದಳು. ಎಲ್ಲ ಸರಿಹೋಗಿತ್ತು, ಒಂದು ಭಾನುವಾರ ಬಸ್ ಡ್ರೈವರ್ ಮತ್ತು ನರ್ಸ್ ಅಂಗಡಿಯಲ್ಲಿ ಎದುರಾಗುವ ತನಕ.

"ಹಡಗು ಮನೆ ಸೇರ್ತಲ್ಲ ಸಿಸ್ಟರ್, ನನಗಂತೂ ಕಣ್ಣು ತುಂಬಿ ಬಂತು."

"ಎಲ್ಲಿ ಸೇರ್ತು? ಕಾಯಿಲೆ ಬಿದ್ದ ಗ್ರಹದಲ್ಲೇ ಉಳ್ಕೊಂಡು ಎಲ್ಲರನ್ನೂ ಬದುಕಿಸಿದ್ರು!"

"ಯಾರು ಹೇಳಿದ್ದು?"

"ಅತ್ತೆ."

"ನನಗೂ ಅತ್ತೇನೇ!"

ಮೂಲೆಯಲ್ಲಿದ್ದ ಗಡಿಯಾರ ರಿಪೇರಿಯವನು ತಲೆಯೆತ್ತಿದ. "ಅದು ಹೊರಟ ಗಳಿಗೆಗೇ ವಾಪಸ್ ಬರ್ಲಿಲ್ವಾ?"

ಅತ್ತೆಯ ಮುಖ ಇಂಗು ತಿಂದ ಮಂಗನಂತಾಯಿತು. ಈ ಮೂವರು ಮುನಿಸಿಕೊಂಡು ಹೋದರೆ ಬೀದಿಯೇ ಹೋದಂತೆ. ಅಂಗಡಿಗೆ ಬೀಗವೇ ಗತಿ. ಸೆರಗಿನಿಂದ ಬೆವರೊರೆಸಿಕೊಂಡು, ಹಾಲಿನ ಕಥೆಯನ್ನು ನೀರು ಬೆರೆಸದೆ ಹೇಳಿಬಿಟ್ಟಳು.

ಮೊದಲು ಕಿಸಕ್ಕನೆ ನಕ್ಕವಳು ನರ್ಸ್. "ಅಯ್ಯೋ ಅತ್ತೆ! ಹಾಗಿದ್ರೆ ಇವರ ಕೊನೆ ನನಗೂ ಹೇಳಿ, ನಂದು ಇವರಿಗೆ ಹೇಳಿ!"

"ನಂದೂ ಸೇರಿಸಿ" ಎಂದ ಗಡಿಯಾರದವನು, ಸ್ಟೂಲು ಎಳೆದುಕೊಂಡು.

ಅತ್ತೆ ಹೇಳುತ್ತಲೇ ಹೋದಳು. ದಾರಿಹೋಕರೂ ಒಳಗೆ ನುಗ್ಗಿದರು. ನಗೆಗೆ ಕಪಾಟಿನ ಗಾಜು ನಡುಗಿತು. ನಡುವೆ ಡ್ರೈವರ್ ಮಾತ್ರ ಕಣ್ಣೊರೆಸಿಕೊಂಡ.

"ಹಗಲೂ ರಾತ್ರಿ ರಸ್ತೆ ಮೇಲಿರೋನು ನಾನು. ಮನೆ ಸೇರೋದೇ ನನಗೆ ಸ್ವರ್ಗ ಅಂತ ನಿಮಗೆ ಹೇಗೆ ತಿಳೀತು ಅತ್ತೆ?"

"ತಿಳೀಲಿಲ್ಲಪ್ಪ" ಎಂದಳು ಅತ್ತೆ. "ನೀನು ಬರೋದೇ ಬಾಗಿಲು ಹಾಕೋ ಹೊತ್ತಿಗೆ. ಹಡಗನ್ನ ಬೇಗ ಮನೆಗೆ ಮುಟ್ಟಿಸಿದ್ರೆ ತಾನೇ ನಾನೂ ಮನೆ ಮುಟ್ಟೋದು?"